ಅಜೀಜಾಬಿಯ ತೊಗರಿ ಕಡ್ಡಿಗಳು

ದುತ್ತಳಗಿಯಲ್ಲಿ ಬೀದಿಗೆ ಬಿದ್ದ ಸಗಣಿಗೆ ಒಂದು ಕಾನೂನಿತ್ತು. ಅದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ, ಆದ್ದರಿಂದ ಯಾರೂ ಮುರಿಯುತ್ತಿರಲಿಲ್ಲ. ದನ ಸಗಣಿ ಹಾಕಿತು. ಮೊದಲು ಕಂಡ ಹೆಂಗಸು ಅದರ ನಡುವೆ ಒಂದು ತೊಗರಿ ಕಡ್ಡಿ ಚುಚ್ಚಿದಳು. ಮುಗಿಯಿತು, ಅದು ಅವಳದು. ಆಕೆ ನೀರಿಗೆ ಹೋಗಿ ಬರಲಿ, ರೊಟ್ಟಿ ಬಡಿದು ಬರಲಿ, ಬೇಕಾದರೆ ಒಂದು ಜಗಳ ಮುಗಿಸಿಕೊಂಡು ಬರಲಿ, ಸಗಣಿ ಅಲ್ಲಿಯೇ ಆಕೆಗಾಗಿ ಕಾದಿರುತ್ತಿತ್ತು. ಪಕ್ಕದವನ ಹೊಲದ ಬದುವನ್ನು ಸದ್ದಿಲ್ಲದೆ ಸರಿಸುವ ಗಂಡಸರು ಆ ಊರಿನಲ್ಲಿದ್ದರು. ಗುಡಿಯ ದೀಪದೆಣ್ಣೆಯನ್ನು ಮನೆಯ ಒಗ್ಗರಣೆಗೆ ಒಯ್ಯುವವರೂ ಇದ್ದರು. ಆದರೆ ಕಡ್ಡಿ ಚುಚ್ಚಿದ ಸಗಣಿಯನ್ನು ಮುಟ್ಟುವವನು ಮಾತ್ರ ಇನ್ನೂ ಹುಟ್ಟಿರಲಿಲ್ಲ. ಅಥವಾ, ಸರಿಯಾಗಿ ಹೇಳುವುದಾದರೆ, ಹುಟ್ಟಿ ಬಿ.ಎಸ್ಸಿ. ಮುಗಿಸಿದ್ದ. ಅವನ ವಿಷಯ ಆಮೇಲೆ.

ಎಂಬತ್ತಾರನೇ ಇಸವಿಯಲ್ಲಿ ಸಗಣಿಯ ಮಾನ ಇದ್ದಕ್ಕಿದ್ದಂತೆ ಏರಿತು. ಊರ ಹೊರಗೆ, ದನ ಕೂಡುವ ಬಯಲಿನ ಪಕ್ಕದಲ್ಲಿ, ಗೋಬರ್ ಗ್ಯಾಸಿನ ಬಾವಿ ತೋಡಿದರು. ಬಾವಿಯ ಮೇಲೆ ಬೋರಲು ಹಾಕಿದ ಹಂಡೆಯಂತೆ ತೇಲುವ ಕರೀ ಕಬ್ಬಿಣದ ಡ್ರಮ್ಮು ಗುಲ್ಬರ್ಗಾದಿಂದ ಟ್ರ್ಯಾಕ್ಟರಿನಲ್ಲಿ ಬಂತು. ಒಳಗೆ ಗ್ಯಾಸು ತುಂಬಿದರೆ ಡ್ರಮ್ಮು ಮೇಲೇಳುತ್ತಿತ್ತು, ಖರ್ಚಾದರೆ ಕೆಳಗಿಳಿಯುತ್ತಿತ್ತು. ಹೀಗಾಗಿ ಊರಿನ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬುದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. ಇದು ಯಾವುದೋ ಒಬ್ಬ ಶ್ರೀಮಂತನ ಹಿತ್ತಲಿನ ಬಾವಿಯಲ್ಲ, ಇಡೀ ಊರಿನದು. ನಡೆಸುವುದಕ್ಕೆ ಊರಿನದೇ ಕಮಿಟಿ. ಅದರ ಚೇರ್ಮನ್ ಶಾಂತಲಿಂಗಪ್ಪ ಗೌಡರು. ಸೆಕ್ರೆಟರಿ ಗೋವಿಂದ, ಬಿ.ಎಸ್ಸಿ. ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದ ಹುಡುಗ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಅವನು ಗತ್ತಿನಿಂದ ಹೋಗಿ ವಾಲ್ವ್ ತಿರುಗಿಸಿದನೆಂದರೆ ಓಣಿ ಓಣಿಯ ಒಲೆಗಳಲ್ಲಿ ನೀಲಿ ಬೆಂಕಿ ಅರಳುತ್ತಿತ್ತು.

ಕೆಲವೇ ತಿಂಗಳಲ್ಲಿ ಊರಿನ ಮೋರೆ ಬದಲಾಯಿತು. ಸಗಣಿಯ ಕುಳ್ಳು ತಟ್ಟಿ ತಟ್ಟಿ ಸಿಡುಬು ಎದ್ದಂತಿದ್ದ ಗೋಡೆಗಳು ಸುಣ್ಣ ಕಂಡವು. ಹೆಂಗಸರು ಕಣ್ಣು ಒರೆಸಿಕೊಳ್ಳದೆ ರೊಟ್ಟಿ ಮಾಡುವುದನ್ನು ಕಲಿತರು. ಬಾವಿಯಿಂದ ಹೊರಬೀಳುವ ರಾಡಿಯನ್ನು ಹೊಲಕ್ಕೆ ಹೊಯ್ದ ಮೇಲೆ ಜೋಳ ಎಷ್ಟು ಎತ್ತರಕ್ಕೆ ಬೆಳೆಯಿತೆಂದರೆ, ಅದರೊಳಗೆ ಹೊಕ್ಕ ಗೌಡರ ಎತ್ತನ್ನು ಗಂಟೆ ಸಪ್ಪಳದ ಮೇಲೆ ಹುಡುಕಬೇಕಾಯಿತು. ಗೋವಿಂದನ ಕಾಕು, ಅಂದರೆ ಚಿಕ್ಕಮ್ಮ, ಭಾಗೀರಥಿಬಾಯಿ, ಮಡಿಯಲ್ಲಿ ಬೇಯಿಸಿಕೊಂಡು ಉಣ್ಣುವ ವಿಧವೆ, ಮೊದಲು ಹಟ ಮಾಡಿದಳು: "ಯಾರ್ಯಾರದೋ ಮನೀ ಹೆಂಡಿ, ಯಾವ್ಯಾವ ಎಮ್ಮೀದೋ ಏನೋ!" ಆಮೇಲೆ ಒಂದು ಏಕಾದಶಿಯ ಮರುದಿನ, ಹಸಿವು ತಡೆಯದೆ, ಬರ್ನರಿನ ಮೇಲೆ ತುಳಸಿ ನೀರು ಚಿಮುಕಿಸಿ ಅನ್ನಕ್ಕಿಟ್ಟಳು. ಅಂದಿನಿಂದ ಗೋವಿಂದ ವಾಲ್ವ್ ತಿರುಗಿಸಲು ಸ್ವಲ್ಪ ತಡ ಮಾಡಿದರೂ ಊರಲ್ಲಿ ಮೊದಲು ಕೇಳುವ ಬೈಗಳು ಅವಳದೇ.

ಕಮಿಟಿಯ ನಿಯಮ ಒಂದೇ: ದಿನಾ ಒಂದು ಬುಟ್ಟಿ ಸಗಣಿ ಕೊಟ್ಟವರಿಗೆ ಗ್ಯಾಸು. ನಿಯಮ ಮಾಡಿದವರೆಲ್ಲ ದನ ಇದ್ದವರು. ದನ ಇಲ್ಲದವರ ನೆನಪು ಅವರಿಗೆ ಬರಲಿಲ್ಲ. ಬಂದಿದ್ದರೂ ಚಹಾ ಕುಡಿಯುವುದರಲ್ಲಿ ಮರೆತಿರಬೇಕು.

ಅಜೀಜಾಬಿಯ ಮನೆಯಲ್ಲಿ ದನ ಇರಲಿಲ್ಲ. ಮಗ ಖಾಜಾ ಜೇವರ್ಗಿ ರಸ್ತೆಯ ಲಾರಿಯೊಂದರಲ್ಲಿ ಕ್ಲೀನರ್. ಆದರೆ ಗೌಡರ ಮನೆಗೆ ಹೋಗುವ ಕೊಳವೆ ಅಜೀಜಾಬಿಯ ಅಡಿಗೆಮನೆಯ ಗೋಡೆಯನ್ನು ಹಾದೇ ಹೋಗಬೇಕಿತ್ತು. ಆಕೆ ಹೂಂ ಅಂದಿದ್ದಳು, ಅವರು ಗೋಡೆ ಕೊರೆದಿದ್ದರು. ಈಗ ಮುಂಜಾನೆ ಒದ್ದೆ ಕುಳ್ಳನ್ನು ಊದಿ ಊದಿ ಕೆಮ್ಮುವಾಗ, ಕಿವಿಯ ಪಕ್ಕದಲ್ಲೇ ಪರರ ಬೆಂಕಿ ಸುಯ್ಯೆಂದು ಹಾದುಹೋಗುವುದು ಆಕೆಗೆ ಕೇಳಿಸುತ್ತಿತ್ತು.

ಆಕೆ ಗೌಡರ ಕಟ್ಟೆಗೆ ಹೋದಳು.

"ಗೌಡ್ರ, ಗ್ಯಾಸು ನಿಮ್ಮ ಮನೀಗಿ ಹೋಗೂ ದಾರಿಯಾಗ ಜರಾ ನಮ್ಮನ್ಯಾಗ ಕುಂತು ಹೋಗ್ಲಿ. ಗೋಡಿ ಅಂತೂ ನಂದೇ ಅದ."

"ರೂಲ್ ಅದ, ಅಜೀಜಾಬಿ. ಹೆಂಡಿ ಕೊಟ್ಟವರಿಗೇ ಗ್ಯಾಸ್. ನಿನ್ನ ಮನ್ಯಾಗ ಒಂದು ಆಡೂ ಇಲ್ಲ."

"ಬೆಕ್ಕು ಅದ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಗೌಡರೂ ನಕ್ಕರು. ಅಜೀಜಾಬಿ ಮಾತ್ರ ನಗಲಿಲ್ಲ, ಏಕೆಂದರೆ ಆಕೆ ಕಳೆದುಕೊಳ್ಳುವುದು ಒಂದು ಒಲೆಗಿಂತ ದೊಡ್ಡದಿತ್ತು. ಸೊಸೆ ಕರೀಮುನ್ನಿಸಾ ಹೆರಿಗೆಗೆಂದು ಜೇವರ್ಗಿಯ ತವರಿಗೆ ಹೋದವಳು, ಕೂಸಿನ ನಲವತ್ತು ದಿನದ ಚಿಲ್ಲಾ ಮುಗಿದರೂ ಬಂದಿರಲಿಲ್ಲ. ಖಾಜಾ ಆ ಕಡೆಯಿಂದ ಬಂದಾಗಲೆಲ್ಲ ಅದೇ ಸುದ್ದಿ ತರುತ್ತಿದ್ದ.

"ಅಮ್ಮಾ, ಆಕಿ ಬರಂಗಿಲ್ಲಂತ. ಆ ಅಡಗಿಮನ್ಯಾಗ ಕೂಸಿನ ಎದಿ ಕಟ್ಟತದ, ಹೊಗಿ ಇಲ್ಲದ ಒಲಿ ಬಂದ ದಿನ ಬರ್ತೇನಿ ಅಂತಾಳ. ಅವರಣ್ಣನ ಮನ್ಯಾಗ ಪಂಪ್ ಸ್ಟೋವ್ ಅದ ನೋಡು, ಸೊಕ್ಕು ಬಂದದ."

"ಸೊಕ್ಕಲ್ಲೋ ಹುಚ್ಚಾ. ಖರೇ ಅದ ಆಕಿ ಮಾತು," ಎಂದಳು ಅಜೀಜಾಬಿ. ಮೊಮ್ಮಗಳ ಮುಖವನ್ನು ಆಕೆ ಒಂದೇ ಸಲ ನೋಡಿದ್ದಳು. ಆಗ ಅದು ನಿದ್ದೆಯಲ್ಲಿತ್ತು. ಕಣ್ಣು ಯಾರವು ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ.

ಮರುದಿನ ಆಕೆ ಅಮೋಘಸಿದ್ದನನ್ನು ಚಹಾಕ್ಕೆ ಕರೆದಳು. ಊರಿನ ದನಗಳನ್ನೆಲ್ಲ ಒಟ್ಟುಗೂಡಿಸಿ ಮೇಯಿಸಲು ಒಯ್ಯುವವನು ಅವನೇ. ಊರಿನಷ್ಟು ದನ ಕಾಯುತ್ತಿದ್ದ, ತನ್ನದೆಂದು ಒಂದೂ ಇರಲಿಲ್ಲ.

"ಅಮೋಘ್ಯಾ, ದನಗೋಳಿಗಿ ಎಲ್ಲಿ ನೀರು ಕುಡಿಸ್ತಿ?"

"ಹಳ್ಳದಾಗ."

"ಬ್ಯಾಸಗಿ ಬಂತು. ಹಳ್ಳದಾಗ ಎಲ್ಲದ ನೀರು? ನಮ್ಮನಿ ಮುಂದಿನ ಕಲ್ಲಬಾನಿ ನಾನು ದಿನಾ ತುಂಬಿ ಇಡ್ತೇನಿ. ಮುಂಜಾನಿ ಇಲ್ಲೇ ಕುಡಿಸು. ಕುಡದಮ್ಯಾಲ ಅವಸರ ಮಾಡಬ್ಯಾಡ. ಬೀಡಿ ಸೇದು. ಬೇಕಂದ್ರ ಎರಡು ಸೇದು."

ಅಮೋಘಸಿದ್ದ ಆಕೆಯ ಮುಖ ನೋಡಿದ, ಕಲ್ಲುಬಾನಿ ನೋಡಿದ, ಅದರ ಮುಂದಿನ ಅಗಲವಾದ ಜಾಗ ನೋಡಿದ. ನಿಧಾನವಾಗಿ ಅವನ ಮೀಸೆ ಅಗಲವಾಯಿತು. ತಣ್ಣೀರು ಕುಡಿದು ಸುಮ್ಮನೆ ನಿಂತ ದನ ಏನು ಮಾಡುತ್ತದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಚಹಾ ಭಾರಿ ಆಗ್ಯಾದ, ಚಾಚಿ," ಅಂದ.

ಅಂದಿನಿಂದ ಮುಂಜಾನೆ ದುತ್ತಳಗಿಯ ದನಗಳೆಲ್ಲ ಅಜೀಜಾಬಿಯ ಮನೆಯ ಮುಂದೆ ಸಭೆ ಸೇರತೊಡಗಿದವು. ಕುಡಿದವು, ನಿಂತವು, ತಮ್ಮ ಕಾಣಿಕೆ ಸಲ್ಲಿಸಿದವು. ಅಮೋಘಸಿದ್ದ ಬೇವಿನ ಬುಡದಲ್ಲಿ ಕೂತು ಆಕಾಶ ನೋಡುತ್ತ ಬೀಡಿ ಸೇದಿದ. ಅಜೀಜಾಬಿ ತೊಗರಿ ಕಡ್ಡಿಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಪಂಕ್ತಿಯಲ್ಲಿ ತುಪ್ಪ ಬಡಿಸುವವಳಂತೆ, ಒಂದನ್ನೂ ಬಿಡದೆ ಚುಚ್ಚುತ್ತ ಹೋದಳು. ಬೀದಿ ಮುಗಿದ ಮೇಲೆ ದನ ಕೂಡುವ ಬಯಲಿಗೂ ಹೋಗಿ ಅಲ್ಲಿ ಬಿದ್ದದ್ದಕ್ಕೂ ಚುಚ್ಚಿದಳು. ಆಮೇಲೆ ಸಾವಕಾಶವಾಗಿ ಹೊತ್ತು ತಂದು ಅಂಗಳದಲ್ಲಿ ಒಟ್ಟಿದಳು. ಮೇಲೊಂದು ಕಡ್ಡಿ.

ಇದರಿಂದ ಕಮಿಟಿಗೆ ಏನೂ ಆಗಬಾರದಿತ್ತು. ಕೊಟ್ಟಿಗೆಯ ಸಗಣಿ ಅವರವರ ಮನೆಯಲ್ಲೇ ಬೀಳುತ್ತಿತ್ತಲ್ಲ. ಆದರೆ ವಾರ ತುಂಬುವುದರೊಳಗೆ ಡ್ರಮ್ಮು ಕುಸಿಯಿತು. ಸಂಜೆಯ ಒಲೆಗಳು ಅರ್ಧ ರೊಟ್ಟಿಗೆ ಆರಿದವು. ಗೋವಿಂದ ಬಾವಿಯ ಬಾಯಿಯಲ್ಲಿ ನಿಂತು ಬಂದ ಬುಟ್ಟಿಗಳೊಳಗೆ ಕೋಲು ಆಡಿಸಿ ನೋಡಿದ. ಮೇಲೆ ಸಗಣಿ, ಕೆಳಗೆ ಜೋಳದ ಕಣಿಕೆಯ ಚೂರು. ಚೇರ್ಮನ್ನರ ಬುಟ್ಟಿಯ ಕೆಳಗೆ ಒಂದು ಹರಿದ ಕೌದಿಯ ತುಂಡೂ ಇತ್ತು. ಮಂದಿಯೆಲ್ಲ ಒಳ್ಳೆಯ ಸಗಣಿಯನ್ನು ತಮ್ಮ ತಿಪ್ಪೆಗೆ ಉಳಿಸಿಕೊಂಡು, ಪಕ್ಕದವನು ತುಂಬ ಕೊಟ್ಟಾನು ಎಂದು ನಂಬಿದ್ದರು. ಕೊರತೆಯನ್ನು ತುಂಬುತ್ತಿದ್ದದ್ದು ಬೀದಿಯ ಸಗಣಿ. ಆಳುಗಳು ಬಯಲಿನಿಂದ ಬಳಿದು ತಂದು ಸುರಿಯುತ್ತಿದ್ದದ್ದು. ಅಂದರೆ ಇಷ್ಟು ದಿನ ಊರಿನ ಅಡಿಗೆ ಬೆಂದದ್ದು ಯಾರದ್ದೂ ಅಲ್ಲದ ಸಗಣಿಯಿಂದ. ಈಗ ಅದು ಅಜೀಜಾಬಿಯದು.

"ಏನ್ ಮಾಡೂದ್ರಿ ಗೌಡ್ರ?" ಗೋವಿಂದ ಕೇಳಿದ.

ಗೌಡರಿಗೆ ಬೆವರು ಬಂತು. ಸೋಮವಾರ ಕಿಣ್ಣಿ ಸುಲ್ತಾನ ಎಂಬ ಊರಿನಿಂದ ಅವರ ಬೀಗರು ಮಂದಿ ಕಟ್ಟಿಕೊಂಡು ಬರುವವರಿದ್ದರು. ಅಲ್ಲಿಯೂ ಇಂಥದೇ ಬಾವಿ ತೋಡಬೇಕೋ ಬೇಡವೋ ಎಂದು ನೋಡುವುದಕ್ಕೆ. ಗೌಡರು ಬೀಗರ ಮುಂದೆ ಈ ಡ್ರಮ್ಮಿನ ಬಗ್ಗೆ ಎಷ್ಟು ಕೊಚ್ಚಿಕೊಂಡಿದ್ದರೆಂದರೆ, ಅದು ಹಾರಾಡುವುದೊಂದು ಬಾಕಿ.

"ಏನರೆ ಮಾಡು," ಅಂದರು. "ಓದೀದವ ನೀನು."

ಓದಿದವನು ಮರುದಿನ ಬೆಳ್ಳಿ ಮೂಡುವ ಹೊತ್ತಿಗೆ ಬುಟ್ಟಿ ಹಿಡಿದು ಬಯಲಿಗೆ ಹೋದ. ಹಿಂದಿನ ಸಂಜೆ ದನ ಮರಳಿದಾಗ ಬಿದ್ದ ಸಗಣಿ ಕಡ್ಡಿ ಚುಚ್ಚಿಸಿಕೊಂಡು ಸಾಲಾಗಿ ಮಲಗಿತ್ತು. ಗೋವಿಂದ ಒಂದೊಂದೇ ಕಡ್ಡಿ ಕಿತ್ತು ಎಸೆದು ಬುಟ್ಟಿ ತುಂಬಿಸತೊಡಗಿದ. ಇನ್ನೂ ಸಾಲು ಮುಗಿದಿರಲಿಲ್ಲ. ಹಿಂದಿನಿಂದ ದನಿ ಬಂತು.

"ಗೋವಿಂದಾ, ಏನ್ ಮಾಡ್ಲಿಕ್ಕತ್ತೀಯೋ?"

ಭಾಗೀರಥಿಬಾಯಿ. ನೆಲ ಸಾರಿಸಲು ಆಕಳ ಸಗಣಿಗೆಂದು ಬಂದಿದ್ದಳು. ಕೈಯಲ್ಲಿ ಆಕೆಯದೂ ಒಂದು ಕಡ್ಡಿ ಇತ್ತು.

"ಕಾಕು, ಇದು ಊರ ಕೆಲಸ. ಸೈನ್ಸ್. ನಿಮಗ ತಿಳ್ಯಂಗಿಲ್ಲ."

"ಸೈನ್ಸ್ ಇರ್ಲಿ, ಮತ್ತೇನರೆ ಇರ್ಲಿ. ಅದು ಅಜೀಜಾಬಿ ಕಡ್ಡಿ. ಇದ್ದಲ್ಲೇ ಚುಚ್ಚು."

"ಯಾವುದು ಎಲ್ಲಿತ್ತೋ ಯಾರಿಗೆ ಗೊತ್ತು, ಕಾಕು!"

"ಗೊತ್ತಿಲ್ಲಂದ್ರ ಎಲ್ಲಾಕ್ಕೂ ಚುಚ್ಚು. ಬುಟ್ಟ್ಯಾಗಿಂದೂ ತಗದು ಇಡು. ದುಂಡಗ ಇಡು, ಹ್ಯಾಂಗ ಬಿದ್ದಿತ್ತೋ ಹಂಗ!"

ನೀರಿಗೆ ಹೊರಟ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತಾಗ ಅವರು ಕಂಡದ್ದು ಇಷ್ಟು: ಸೂರ್ಯ ಹುಟ್ಟುತ್ತಿದ್ದಾನೆ, ಬಿ.ಎಸ್ಸಿ. ಆದ ಗೋವಿಂದ ಕುಕ್ಕರಗಾಲಲ್ಲಿ ಕೂತು ಸಗಣಿಯನ್ನು ಎರಡೂ ಕೈಯಿಂದ ದುಂಡಗೆ ಮಾಡಿ ಕಡ್ಡಿ ನೆಡುತ್ತಿದ್ದಾನೆ, ಅವನ ಕಾಕು ಪಕ್ಕದಲ್ಲಿ ನಿಂತು ತಿದ್ದುತ್ತಿದ್ದಾಳೆ. "ಅದು ಓರಿ ಆಯ್ತು. ನೆಟ್ಟಗ ಮಾಡು."

ಸುದ್ದಿ ರೊಟ್ಟಿಗಿಂತ ಬೇಗ ಬೆಂದಿತು. ಗೌಡತಿ ಗಂಡನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇವತ್ತು ಆಕಿ ಕಡ್ಡಿ ಕಿತ್ತೀರಿ. ನಾಳೆ ನಾನು ನೀರಿನ ಬಾವಿಗಿ ಹಚ್ಚಿದ ಪಾಳಿ ಕಿತ್ತೀರಿ, ನಾಡದು ಗಿರಣ್ಯಾಗ ಇಟ್ಟ ಬುಟ್ಟಿ ಹಿಂದ ಸರಸ್ತೀರಿ. ಕಡ್ಡಿ ಹೋತಂದ್ರ ಹೆಣಮಕ್ಕಳಿಗಿ ಊರಾಗ ಉಳಿಯೂದು ಏನು? ಇವತ್ತಿನಿಂದ ನಮ್ಮ ಎಮ್ಮಿ ಹೆಂಡಿ ಹಾಕಂಗಿಲ್ಲ ಅಂತ ತಿಳ್ಕೋರಿ."

ಮಧ್ಯಾಹ್ನದ ಹೊತ್ತಿಗೆ ಊರಿನ ಯಾವ ಎಮ್ಮೆಯೂ ಸಗಣಿ ಹಾಕುತ್ತಿಲ್ಲವೆಂದು ತಿಳಿಯಿತು. ಒಂದು ಬುಟ್ಟಿಯೂ ಬಾವಿಯತ್ತ ಬರಲಿಲ್ಲ.

ಕಮಿಟಿ ಅಜೀಜಾಬಿಯ ಅಂಗಳಕ್ಕೆ ಬಂತು. ಅಲ್ಲಿ ಸಗಣಿಯ ಗುಡ್ಡದ ನೆರಳಿನಲ್ಲಿ ಅಮೋಘಸಿದ್ದ ಒರಗಿದ್ದ. ಅಜೀಜಾಬಿ ತೊಗರಿ ಕಡ್ಡಿ ಸವರುತ್ತ ಕೂತಿದ್ದಳು.

"ರೂಲ್ ಏನದ ಗೌಡ್ರ, ಮತ್ತೊಮ್ಮಿ ಹೇಳ್ರಿ."

ಗೌಡರು ಕೆಮ್ಮಿದರು. "ಹೆಂಡಿ ಕೊಟ್ಟವರಿಗೆ ಗ್ಯಾಸ್."

"ನನ್ನ ಕಡಿ ಅದ. ಕೌದಿ ಕೂಡಿಸಿಲ್ಲ, ಬೇಕಂದ್ರ ಕೈ ಹಾಕಿ ನೋಡ್ರಿ."

ಗೌಡರು ಕೈ ಹಾಕಿ ನೋಡಲಿಲ್ಲ. ಯಾರು ಬುಟ್ಟಿ ತುಂಬ ತಂದರೂ ಅವರು ಮೆಂಬರು, ಆ ಬುಟ್ಟಿ ಯಾವ ದನದ್ದೆಂದು ಕೇಳಬಾರದು ಎಂದು ಅಲ್ಲಿಯೇ ನಿಂತುಕೊಂಡು ಠರಾವು ಆಯಿತು. ಅಮೋಘಸಿದ್ದನೂ ಮೆಂಬರಾದ. ತನಗೆ ಒಲೆ ಬೇಡ, ಹಗಲೆಲ್ಲ ಅಡವಿಯಲ್ಲಿರುವವನು, ಸಂಜೆ ಯಾರದಾದರೂ ಮನೆಯಿಂದ ಮೈ ತೊಳೆಯಲು ಒಂದು ಬಿಂದಿಗೆ ಬಿಸಿನೀರು ಸಿಕ್ಕರೆ ಸಾಕು ಎಂದ. ಅವನ ಪಕ್ಕದಲ್ಲಿ ನಿಂತಿದ್ದವರು ಇದಕ್ಕೆ ಎಲ್ಲರಿಗಿಂತ ಮೊದಲು ಒಪ್ಪಿದರು. ಗೋವಿಂದ ಅಂದೇ ಅಜೀಜಾಬಿಯ ಗೋಡೆಯ ಕೊಳವೆಗೆ ತೂತು ಕೊರೆದು ತಿರುಪು ಕೂರಿಸಿದ, ಒಲೆ ಜೋಡಿಸಿದ. ಗುಡ್ಡ ಬಾವಿಗೆ ಇಳಿಯಿತು, ಊರಿನ ಎಮ್ಮೆಗಳ ಮುನಿಸೂ ಇಳಿಯಿತು. ಖಾಜಾ ಅದೇ ಸಂಜೆ ಸಿಕ್ಕ ಲಾರಿ ಹತ್ತಿ ಜೇವರ್ಗಿಗೆ ಹೋದ. ಹೇಳಬೇಕಾದ ಮಾತು ಒಂದೇ: ಒಲಿ ಬಂದದ, ಬಾ.

ಎಲ್ಲ ಸರಿಯಾಯಿತು ಎಂದುಕೊಳ್ಳುವಾಗ ಗೋವಿಂದ ತಲೆ ಕೆರೆದುಕೊಂಡ.

"ಒಂದು ಸಮಸ್ಯಾ ಅದ್ರಿ. ಇವತ್ತು ಹಾಕಿದ್ದು ಇವತ್ತೇ ಗ್ಯಾಸ್ ಆಗಂಗಿಲ್ಲ. ಭಾಳ ದಿನ ಒಳಗ ಕೊಳೀಬೇಕು."

"ಉಂಡ ಕೂಡ್ಲೆ ಯಾರಿಗರೆ ಹೂಸು ಬರ್ತದೇನು?" ಎಂದ ಅಮೋಘಸಿದ್ದ.

"ಹಂಗೇ ತಿಳ್ಕೋ. ಒಳಗ ಹಳೇದು ಇರೂದ್ರಿಂದ ಥೋಡೆ ಥೋಡೆ ಬರಾಕತ್ತದ. ಸೋಮವಾರದ ತನಕಾ ಯಾರೂ ಒಲಿ ಹಚ್ಚಲಿಲ್ಲಂದ್ರ ಡ್ರಮ್ಮು ಏಳ್ತದ."

ಹೀಗೆ, ಹೊಗೆಯಿಲ್ಲದ ಊರೆಂದು ಬೀಗರಿಗೆ ತೋರಿಸುವ ಸಲುವಾಗಿ, ಇಡೀ ಊರು ಅಟ್ಟದ ಮೇಲಿನ ಹಳೆಯ ಕುಳ್ಳುಗಳನ್ನು ಕೆಳಗಿಳಿಸಿತು. ಗೋವಿಂದ ವಾಲ್ವ್ ಮುಚ್ಚಿ ಕೀಲಿ ಹಾಕಿದ.

ಸೋಮವಾರ ಬೀಗರು ಬಂದರು. ಅವರ ಹೆಂಡತಿ, ಇನ್ನಷ್ಟು ಹೆಂಗಸರು ಗಂಡಸರು ಟೆಂಪೋದಿಂದ ಇಳಿದರು. ಡ್ರಮ್ಮು ಬಾವಿಯಿಂದ ಪೂರ್ತಿ ಎದ್ದು, ಅಂಚಿನಲ್ಲಿ ಗುಳುಗುಳು ಗುಳ್ಳೆ ಬಿಡುತ್ತ, ಹೊಸ ಅಳಿಯನಂತೆ ಬಿಮ್ಮಾಗಿ ನಿಂತಿತ್ತು. ಬೀಗರು ಅದನ್ನು ಬೆರಳಿನಿಂದ ಬಡಿದು ನೋಡಿ ತಲೆದೂಗಿದರು. ಆಮೇಲೆ ಊರ ಕಡೆ ತಿರುಗಿದರು. ಪ್ರತಿ ಮಾಳಿಗೆಯ ಮೇಲೂ ದಟ್ಟ ಹೊಗೆ.

"ಅದೇನ್ರಿ ಬೀಗರ, ಅದು?"

"ಅದಾ..." ಗೌಡರು ಆಕಾಶ ನೋಡಿದರು. "ಮಂಜು."

"ಯುಗಾದಿ ಆದಮ್ಯಾಲ?"

ಗೌಡರು ಅವರನ್ನು ಅವಸರದಿಂದ ಮನೆಗೆ ಕರೆದೊಯ್ದರು. ಅಲ್ಲಿ ಗೌಡತಿ ಬೀಗರಿಗೆ ಹೋಳಿಗೆ ಮಾಡಬೇಕೆಂದು ಮುಂಜಾನೆಯಿಂದ ಕುಳ್ಳಿನ ಒಲೆ ಉರಿಸಿದ್ದಳು. ಅಡಿಗೆಮನೆಯೊಳಗೆ ಇಣುಕಿದ ಬೀಗತಿ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಇಂಥಾದು ನಮ್ಮೂರಾಗೂ ಅದ. ಇದನ್ನ ನೋಡಾಕ ಟೆಂಪೋ ಮಾಡಿಕೊಂಡು ಬರಬೇಕಿತ್ತೇನು?"

ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಗುಲ್ಬರ್ಗಾದ ಬಸ್ಸು ಬಂದು ನಿಂತಿತು. ಕರೀಮುನ್ನಿಸಾ ಇಳಿದಳು. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ. ಆಕೆ ನೋಡಿಹೋಗಲು ಬಂದವಳು, ಇರಲು ಅಲ್ಲ. ಊರಿನ ಮೇಲೆ ಕವಿದದ್ದನ್ನು ಕಂಡು ಕೂಸಿನ ಮುಖಕ್ಕೆ ಸೆರಗು ಹೊದಿಸಿದಳು.

"ಖಾಜಾ, ಇದೇನಾ ನೀ ಹೇಳಿದ್ದು? ಮೊದಲಿಗಿಂತ ಹೆಚ್ಚಿಗಿ ಅದಲ್ಲ!"

ಖಾಜಾ ಮನೆಯತ್ತ ಕೂಗಿ ತಾಯಿಯನ್ನು ಕರೆದ. ಬಸ್ಸು ಬೇವಿನ ಮರ ಸುತ್ತುಹಾಕಿ ತಿರುಗುತ್ತಿತ್ತು.

"ಅದು ತಿರುಗೂತನ ಇಲ್ಲೇ ನಿಂದರ್ತೇನಿ. ಅದ್ರಾಗೇ ವಾಪಸ್ ಹೋಗ್ತೇನಿ."

ಅಜೀಜಾಬಿ ಓಡಿಬಂದಳು. ಬೇಡಿಕೊಂಡರೆ ಸೊಸೆ ಇನ್ನಷ್ಟು ಬಿಗಿಯುತ್ತಾಳೆಂದು ಆಕೆ ಬಲ್ಲಳು. "ಹೋಗವ್ವ, ಯಾರು ಬ್ಯಾಡಂತಾರ? ಕೂಸಿಗಿ ಮೊಲಿ ಕುಡಿಸಾಕಿ ನೀ, ಒಂದೀಟು ಹಾಲು ಕಾಸಿ ಕೊಡ್ತೇನಿ, ಕುಡದು ಹೋಗು," ಎಂದು ಕೂಸನ್ನು ಎತ್ತಿಕೊಂಡೇ ಮನೆಯತ್ತ ನಡೆದುಬಿಟ್ಟಳು. ಕೂಸು ಹೋದ ಕಡೆ ತಾಯಿ ಹೋಗಲೇಬೇಕು.

ಅಜೀಜಾಬಿಯ ಅಡಿಗೆಮನೆಯಲ್ಲಿ ಹೊಗೆ ಇರಲಿಲ್ಲ. ಆಕೆಯ ಸಗಣಿಯೆಲ್ಲ ಬಾವಿಗೆ ಹೋಗಿತ್ತು. ಕುಳ್ಳೇ ಇಲ್ಲದೆ ಎರಡು ದಿನ ತಂಗಳು ರೊಟ್ಟಿ ತಿಂದಿದ್ದಳು. ಕರೀಮುನ್ನಿಸಾ ಹೊಸ್ತಿಲಲ್ಲಿ ನಿಂತು ಮೂಗೆಳೆದು ನೋಡಿದಳು. ಒಳಗೆ ಬರಲಿಲ್ಲ. ಅಜೀಜಾಬಿ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ತಿರುಪು ತಿರುಗಿಸಿ, ಕಡ್ಡಿ ಗೀರಿದಳು. ಏನೂ ಇಲ್ಲ. ಮತ್ತೊಂದು ಗೀರಿದಳು. ಕಡ್ಡಿ ಉರಿದು ಬೆರಳು ಸುಟ್ಟಿತು.

"ಹೊಗಿ ಇಲ್ಲದ ಒಲಿ ಅಂದ್ರ ಇದಾ?" ಎಂದಳು ಕರೀಮುನ್ನಿಸಾ. "ಇದ್ರಾಗ ಬೆಂಕೀನೂ ಇಲ್ಲ."

ಬಸ್ಸು ಹಾರ್ನ್ ಹೊಡೆಯಿತು. ಆಕೆ ಕೂಸಿಗೆ ಕೈ ಚಾಚಿದಳು. ಅಜೀಜಾಬಿ ಕೂಸನ್ನು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಇನ್ನೊಂದು ಕಡ್ಡಿ ತೆಗೆದಳು. ಕೂಸು ಹಿಡಿದ ಕೈಯಿಂದ ಬೆಂಕಿಪೆಟ್ಟಿಗೆ ಜಾರಿ ಕಡ್ಡಿಗಳೆಲ್ಲ ಚೆಲ್ಲಿದವು.

ಆಗ ಬಾಗಿಲು ಕತ್ತಲಾಯಿತು. ಗೌಡರು, ಬೀಗರು, ಬೀಗತಿ, ಹಿಂದೆ ಕಿಣ್ಣಿ ಸುಲ್ತಾನದ ಅಷ್ಟೂ ಮಂದಿ. ಊರಲ್ಲಿ ಕಣ್ಣು ಬಿಟ್ಟು ನಿಲ್ಲಬಹುದಾದ ಅಡಿಗೆಮನೆ ಇದೊಂದೇ ಎಂದು ಗೋವಿಂದ ನೆನಪಿಸಿದ್ದ.

"ಅಜೀಜಾಬಿ, ಒಲಿ ಹಚ್ಚಿ ತೋರಸು, ನಮ್ಮ ಮಾನ ನಿನ್ನ ಕೈಯಾಗದ," ಗೌಡರು ಮೆಲ್ಲಗೆ ಅಂದರು.

"ವಾಲ್ವ್ ಬಿಟ್ಟೀರೇನ್ರಿ?"

ಗೌಡರು ಗೋವಿಂದನ ಕಡೆ ನೋಡಿದರು. ಗೋವಿಂದ ತನ್ನ ಜೇಬಿನೊಳಗಿನ ಕೀಲಿಯ ಕಡೆ ನೋಡಿದ. ಓಡಿದ. ಬಿ.ಎಸ್ಸಿ. ಅವನಿಗೆ ಎಂದೂ ಅಷ್ಟು ವೇಗ ಕೊಟ್ಟಿರಲಿಲ್ಲ. ಓಣಿಯಲ್ಲಿ ಅವನ ಚಪ್ಪಲಿ ಸಪ್ಪಳ ದೂರವಾಯಿತು. ಬಸ್ಸು ಎರಡನೆಯ ಸಲ ಹಾರ್ನ್ ಹೊಡೆಯಿತು. ಬೀಗರು ಗಡಿಯಾರ ನೋಡಿಕೊಂಡರು. ಅಷ್ಟು ಜನ ಸೇರಿ ಒಂದು ಗೋಡೆಯನ್ನು ಆಲಿಸುತ್ತಿದ್ದರು.

ಗೋಡೆ ಸುಯ್ಯೆಂದಿತು.

ಅಜೀಜಾಬಿ ಗೀರಿದಳು. ಭಪ್ಪೆಂದು ಬೆಂಕಿ ಎದ್ದಿತು, ಎರಡು ದಿನ ತುಂಬಿದ ಡ್ರಮ್ಮಿನ ಅಷ್ಟೂ ರಭಸದಿಂದ. ಬೀಗತಿ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಬಗ್ಗಿ ನೋಡಿದಳು. "ಎಲ್ಲದ ಹೊಗಿ?" ಎಂದು ಪಾತ್ರೆಯ ಹಿಂದೆ ಹುಡುಕಿದಳು. ಅಷ್ಟರಲ್ಲಿ ಹಾಲು ಉಬ್ಬಿತು. ಕುಳ್ಳಿನ ಒಲೆಯಲ್ಲಾದರೆ ಅಜೀಜಾಬಿ ಎರಡು ಕುಳ್ಳು ಹಿರಿಯುತ್ತಿದ್ದಳು. ಇಲ್ಲಿ ಹಿರಿಯುವುದು ಏನನ್ನು? ಆಕೆ ಅಭ್ಯಾಸಬಲದಿಂದ ಊದಿದಳು. ಹಾಲು ಇನ್ನೂ ಉಬ್ಬಿತು.

"ಅಯ್ಯ ಅಮ್ಮಾ, ಊದ್ತಾರೇನು ಅದನ್ನ!" ಕರೀಮುನ್ನಿಸಾ ಹೊಸ್ತಿಲು ದಾಟಿ ಒಳಗೆ ನುಗ್ಗಿ ತಿರುಪನ್ನು ಸಣ್ಣಗೆ ಮಾಡಿದಳು. ಹಾಲು ಇಳಿಯಿತು. ನೀಲಿ ಬೆಂಕಿ ಸಣ್ಣದಾಗಿ, ಶಿಸ್ತಾಗಿ ಉರಿಯಿತು. ಆಕೆ ಅದನ್ನು ಒಮ್ಮೆ ದೊಡ್ಡದು ಮಾಡಿದಳು, ಸಣ್ಣದು ಮಾಡಿದಳು, ಮತ್ತೆ ದೊಡ್ಡದು ಮಾಡಿದಳು. ಪಂಪ್ ಹೊಡೆಯಬೇಕಾಗಿಲ್ಲ. ಸೀಮೆಎಣ್ಣೆಯ ವಾಸನೆಯಿಲ್ಲ.

"ಏ ಖಾಜಾ! ನಿಮ್ಮ ಮನಿಯಾಕಿ ಬರ್ತಾಳೋ ಇಲ್ಲೋ?" ಬಸ್ಸಿನ ಕಂಡಕ್ಟರ್ ಓಣಿಯ ತುದಿಯಿಂದ ಕೂಗಿದ. "ನನಗ ಗುಲ್ಬರ್ಗಾ ಮುಟ್ಟಿ ಮತ್ತ ನರೋಣಾ ಟ್ರಿಪ್ ಅದ!"

ಎಲ್ಲರೂ ಕರೀಮುನ್ನಿಸಾಳ ಕಡೆ ನೋಡಿದರು. ಆಕೆ ಸಕ್ಕರೆಯ ಡಬ್ಬಿ ಹುಡುಕುತ್ತಿದ್ದಳು.

"ಅವನಿಗಿ ಹೋಗಂತ ಹೇಳ್ರಿ," ಎಂದಳು, ತಿರುಗಿ ನೋಡದೆ. "ಇಷ್ಟು ಮಂದಿಗಿ ಈ ಅಮ್ಮ ಒಬ್ಬಾಕಿ ಚಹಾ ಮಾಡಿದ್ರ ಮನೀ ಸುಡ್ತಾಳ."

ಅಜೀಜಾಬಿ ಕೂಸನ್ನು ಬೆಳಕಿಗೆ ಹಿಡಿದು ಅದರ ಕಣ್ಣುಗಳನ್ನು ನೋಡುತ್ತಿದ್ದಳು. ಅವು ತೆರೆದೇ ಇದ್ದವು, ಒಂದು ಹನಿ ನೀರಿಲ್ಲದೆ.